ಹಿಂದಿನ ಸೀಟಿನವರು

ನವೆಂಬರ್ 10, 2008, ಸೋಮವಾರ

ವಿಮೆ ಏಜೆಂಟ್ ಜನವರಿಯಲ್ಲಿ ಕೊಟ್ಟ ಡೈರಿ ಇಷ್ಟು ದಿನ ಬೀರುವಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಕಾರಣ ಒಂದು ಕಾರು. ತುಮಕೂರಿನ ಗುಬ್ಬಿ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವ ಕನಕರಾಜು ಎಂಬ ಈ ಮಹಾಶಯನನ್ನು ಒಂದು ಪುಟ್ಟ ಬಿಳಿ ಕಾರು ಮೂರನೇ ಸಲ ಮಂಗ ಮಾಡಿದೆ. ಯಾವತ್ತು ಏನು ಮಾಡಿದೆ ಅಂತ ಬರೆದಿಟ್ಟುಕೊಳ್ಳದೆ ಇದು ಬಗೆಹರಿಯುವುದಿಲ್ಲ.

ಗಾಡಿ ಮಂಗಳಗೌರಿ ಮೇಡಂ ಅವರದು. ಮನೆ ಗುಬ್ಬಿಯಲ್ಲಿ, ಕೆಲಸ ಚೇಳೂರಿನ ಹೈಸ್ಕೂಲಿನಲ್ಲಿ, ವಿಜ್ಞಾನದ ಟೀಚರ್. ಯಜಮಾನರು ಶಿವಮೂರ್ತಿ ಹೋದ ಫೆಬ್ರವರಿಯಲ್ಲಿ ಎದೆನೋವು ಬಂದು ತೀರಿಕೊಂಡರು. ನನ್ನ ಹಳೇ ಗಿರಾಕಿ. ಒಳ್ಳೆಯ ಮನುಷ್ಯ, ಆದರೆ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಟ. ಅವರು ಹೋದ ಮೇಲೆ ಈಕೆ ಡ್ರೈವಿಂಗ್ ಕಲಿತು, ಏಳು ವರ್ಷದ ಮಗಳು ಯಶಸ್ವಿನಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಿನಾ ಚೇಳೂರಿಗೆ ಹೋಗಿ ಬರುತ್ತಾರೆ. ಮಗುವಿನ ಸ್ಕೂಲೂ ಅಲ್ಲೇ.

ಕಾಯಿಲೆ ಏನೆಂದರೆ, ಇಂಜಿನ್ನಿನ ಹಳದಿ ದೀಪ ಹತ್ತಿಕೊಳ್ಳುತ್ತದೆ. ಸ್ಕ್ಯಾನರ್ ಚುಚ್ಚಿದರೆ ಒಂದೇ ಕೋಡ್, ಪಿ-0131. ಆಕ್ಸಿಜನ್ ಸೆನ್ಸಾರ್. ಇದು ಇಂಜಿನ್ನಿನಿಂದ ಹೊಗೆ ಹೊರಡುವ ಪೈಪಿನೊಳಗೆ ಮೂಗು ತೂರಿಸಿಕೊಂಡು ಕೂತಿರುವ ಒಂದು ಸಾಮಾನು. ಹೊಗೆ ಮೂಸಿ ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುವುದು ಇದರ ಉದ್ಯೋಗ. ಹೊಗೆಯಲ್ಲಿ ಗಾಳಿ ಜಾಸ್ತಿ ಇದೆ ಎಂದು ಇದರ ದೂರು. ಪೈಪಿನೊಳಗೆ ಗಾಳಿ ಎಲ್ಲಿಂದ ಬರಬೇಕು, ನನ್ನ ತಲೆ! ಅಕ್ಟೋಬರಿನಲ್ಲಿ ಸೆನ್ಸಾರ್ ಬದಲಾಯಿಸಿದೆ. ಎರಡು ವಾರಕ್ಕೆ ದೀಪ ಮತ್ತೆ ಬಂತು. ವೈರಿಂಗ್ ಬದಲಾಯಿಸಿದೆ. ಮತ್ತೆ ಬಂತು. ಪೈಪಿನ ಜಾಯಿಂಟುಗಳಿಗೆಲ್ಲ ಕಿವಿ ಕೊಟ್ಟೆ, ಪಿಸಕ್ ಅನ್ನುವ ಸದ್ದೂ ಇಲ್ಲ. ಇವತ್ತು ಇನ್ನೊಂದು ಹೊಸ ಸೆನ್ಸಾರ್ ಹಾಕಿ ಕಳಿಸಿದ್ದೇನೆ. ಈ ಸಲ ಬರಲಿ ನೋಡೋಣ.

ಡ್ಯಾಶ್‌ಬೋರ್ಡಿನ ಮೇಲೆ ಶಿವಮೂರ್ತಿಯವರ ಸಣ್ಣ ಫೋಟೋ, ಅದಕ್ಕೊಂದು ಕೆಂಪು ಬಲ್ಬು, ಮನೆಗಳಲ್ಲಿ ಹೋದವರ ಫೋಟೋಗೆ ಹಾಕುವ ಹಾಗೆ. ಮಾರ್ಚಿನಲ್ಲಿ ನಾನೇ ಹಾಕಿಕೊಟ್ಟಿದ್ದು. ಕೀ ತೆಗೆದರೂ ಆರಬಾರದು ಅಂದರು, ಅದಕ್ಕೇ ಸೀದಾ ಬ್ಯಾಟರಿಯಿಂದ ವೈರ್ ಎಳೆದಿದ್ದೆ. ದಿನಾ ಹೂ ಮುಡಿಸಿ ಊದಿನಕಡ್ಡಿ ಹಚ್ಚುತ್ತಾರೆ. ಕಾರಿನ ಬಾಗಿಲು ತೆಗೆದರೆ ದೇವರ ಮನೆಗೆ ತಲೆ ಹಾಕಿದಂತಾಗುತ್ತದೆ.

ನವೆಂಬರ್ 18, ಮಂಗಳವಾರ

ಬಂತು. ಅದೇ ಕೋಡ್. ಥೂ ಇದರ!

ಸಂಜೆ ನಾಲ್ಕೂವರೆಗೆ ಮೇಡಂ ಗಾಡಿ ತಂದರು. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಎಬ್ಬಿಸಿದರೆ ಏಳದು. ಕೆನ್ನೆ ಕೆಂಪಗೆ ಇತ್ತು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಮಾಮ, ಮೆತ್ತಗೆ ಮಾತಾಡಿ. ಅಪ್ಪನ ತೊಡೆ ಮೇಲೆ ಮಲಗಿದೀನಿ" ಅಂತು.

ನಾನು ಮೇಡಂ ಮುಖ ನೋಡಿದೆ, ಏನಾದರೂ ಗದರುತ್ತಾರೇನೋ ಎಂದು. ಅವರು ನಗುತ್ತಿದ್ದರು.

"ದಸರಾ ಆದ್ಮೇಲಿಂದ ಬರ್ತಿದಾರೆ ಕನಕರಾಜು ಅವ್ರೇ. ಹಿಂದೆ ಕೂತ್ಕೋತಾರೆ. ಗುಬ್ಬಿ ಬಿಟ್ಟು ಎರಡು ಮೂರು ಮೈಲಿ ಆದ್ಮೇಲೆ ಗೊತ್ತಾಗುತ್ತೆ, ಬಂದ್ರು ಅಂತ. ನಾನು ತಿರುಗಿ ನೋಡಲ್ಲ. ನೋಡಿದ್ರೆ ಹೋಗ್ಬಿಡ್ತಾರೆ."

ವಿಜ್ಞಾನದ ಟೀಚರ್ ಇವರು! ಗಾಡಿ ಎರಡು ದಿನ ಇಲ್ಲಿರಲಿ ಅಂದೆ. ಒಪ್ಪಲಿಲ್ಲ. "ಆ ಹಳದಿ ದೀಪ ಉರಿದ್ರೆ ಉರೀಲಿ ಬಿಡಿ, ಗಾಡಿ ಓಡ್ತಿದೆಯಲ್ಲ" ಅಂದರು. ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತಿದೆ, ನಡುದಾರಿಯಲ್ಲಿ ನಿಂತೀತು ಅಂತ ಹೆದರಿಸಿ ಇಟ್ಟುಕೊಂಡೆ. ಬಸ್ಸಿಗೆ ಹೋಗುವಾಗ ಮಗು ಕಾರಿನ ಕಡೆ ತಿರುಗಿ ಟಾಟಾ ಮಾಡಿತು. ಕಾರಿನಲ್ಲಿ ಯಾರೂ ಇರಲಿಲ್ಲ.

ನವೆಂಬರ್ 19, ಬುಧವಾರ

ಗ್ಯಾರೇಜಿನಲ್ಲಿ ನಿಂತ ಹಾಗೇ ಇಂಜಿನ್ ಓಡಿಸಿದರೆ ಸೆನ್ಸಾರ್ ಲಕ್ಷಣವಾಗಿ ಕೆಲಸ ಮಾಡುತ್ತದೆ. ರೋಡಿಗೆ ಹಾಕಬೇಕು. ಗ್ಲಾಸ್ ಏರಿಸಿ, ಎ.ಸಿ. ಹಾಕಿ, ಮೇಡಂ ಓಡಿಸುವ ಹಾಗೇ ಗುಬ್ಬಿಯ ತನಕ ಹೋಗಿ ಬಂದೆ. ವಾಪಸು ಬರುವಾಗ ಹೆಗ್ಗೆರೆ ಹತ್ತಿರ ಹಳದಿ ದೀಪ ಬಂತು. ಮನೆಗೆ ಬಂದಾಗ ತಲೆ ಸಿಡಿಯುತ್ತಿತ್ತು. ಆ ಊದಿನಕಡ್ಡಿ ವಾಸನೆಯದೇ ಇರಬೇಕು. ಹೆಂಡತಿ ಕೋಮಲಾ ಕಾಫಿ ಕೊಟ್ಟಳು, ಕುಡಿಯಲಾಗಲಿಲ್ಲ.

ನವೆಂಬರ್ 21, ಶುಕ್ರವಾರ

ಇವತ್ತಿನದನ್ನು ಬರೆಯಲೋ ಬೇಡವೋ.

ಗುಬ್ಬಿ ದಾಟಿ ನಿಟ್ಟೂರು ಕಡೆ ಹೋಗುತ್ತಿದ್ದೆ. ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕುವಾಗ ಸ್ವಲ್ಪ ಕರಕರ ಅಂತು. ಹಿಂದಿನಿಂದ "ಚ್" ಅಂತ ಸದ್ದು. ನಾಲಗೆ ಲೊಚಗುಟ್ಟುವ ಸದ್ದು.

ಹಾಗೆ ಲೊಚಗುಟ್ಟುತ್ತಿದ್ದವನು ಒಬ್ಬನೇ. ನನ್ನ ತಮ್ಮ ಅಂಜನ್‌ಕುಮಾರ್. ಗ್ಯಾರೇಜ್ ಶುರು ಮಾಡಿದ್ದು ಇಬ್ಬರೂ ಸೇರಿ. ನಾನು ತಪ್ಪು ಮಾಡಿದಾಗಲೆಲ್ಲ ಬಾಯಲ್ಲಿ ಹೇಳುತ್ತಿರಲಿಲ್ಲ, "ಚ್" ಅನ್ನುತ್ತಿದ್ದ. ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಗೇರ್‌ಬಾಕ್ಸ್ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟೆ. ಮೂರು ತಿಂಗಳು ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದೆವು, ಮಾತಿಲ್ಲ. ಸ್ಪ್ಯಾನರ್ ಬೇಕಾದರೆ ಪಕ್ಕದ ಶೆಡ್ಡಿನ ವೆಲ್ಡರ್ ರಂಗಯ್ಯನ ಕೈಲಿ ಕೇಳಿಸುವುದು. ಆಮೇಲೆ 2001ರಲ್ಲಿ ಕ್ಯಾತ್ಸಂದ್ರದ ಹತ್ತಿರ ಅವನ ಬೈಕಿಗೆ ಲಾರಿ ಹೊಡೆಯಿತು. ಅಷ್ಟೇ.

ಅವನ ವಿಷಯ ನಾನು ಯಾರ ಹತ್ತಿರವೂ ಆಡುವುದಿಲ್ಲ. ಇಲ್ಲೂ ಇದೇ ಕೊನೆ.

ನವೆಂಬರ್ 22, ಶನಿವಾರ

ಗೇರ್ ಕೇಬಲ್ ಸದ್ದು ಅದು. ಎಣ್ಣೆ ಬಿಟ್ಟೆ.

ನವೆಂಬರ್ 24, ಸೋಮವಾರ

ಕೇಬಲ್ ಅಲ್ಲ.

ಮಲ್ಲಸಂದ್ರ ಬಿಟ್ಟ ಮೇಲೆ ಬಂದ. ಬಂದದ್ದು ಗೊತ್ತಾಗುತ್ತದೆ, ಮೇಡಂ ಹೇಳಿದ್ದು ಸರಿ. ಸೀಟು ಸ್ವಲ್ಪ ಕುಸಿದ ಹಾಗೆ, ಕಾರಿಗೆ ಒಬ್ಬಾಳಿನ ಭಾರ ಹೆಚ್ಚಿದ ಹಾಗೆ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟೆ, ನೋಡಿದರೆ ಹೋಗಿಬಿಟ್ಟರೆ ಅಂತ. ಎರಡು ಮೈಲಿ ಸುಮ್ಮನೆ ಇದ್ದ. ಆಮೇಲೆ, "ಅಣ್ಣ, ಸೆನ್ಸಾರ್ ಸರಿಯಾಗೈತೆ ಕಣೋ, ಅದ್ಯಾಕೆ ಅದನ್ನೇ ಬಯ್ತೀಯ?" ಅಂದ.

ಏಳು ವರ್ಷ. ಅದಕ್ಕೆ ಮುಂಚಿನ ಮೂರು ತಿಂಗಳೂ ಸೇರಿಸಿ. ಅವನೇ ಮೊದಲು ಮಾತಾಡಿಸಿದ.

ತಲೆನೋವು ಇದೆ. ಇರಲಿ. ಮೇಡಂಗೆ ಫೋನ್ ಮಾಡಿ, ಪಾರ್ಟ್ಸ್ ಬೆಂಗಳೂರಿನಿಂದ ಬರಬೇಕು, ಇನ್ನೊಂದು ವಾರ ಆಗುತ್ತೆ ಅಂತ ಹೇಳಿದೆ. ಯಾವ ಪಾರ್ಟ್ಸೂ ಇಲ್ಲ.

ನವೆಂಬರ್ 26, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಬಿಸಿಲು ಚೆನ್ನಾಗಿತ್ತು. ಬಿದರೆಹಳ್ಳಿ ಕಾವಲ್ ಹತ್ತಿರ ಗಾಡಿ ನಿಲ್ಲಿಸಿ ಮಾತಾಡಿದೆವು. ಆ ಹುಲ್ಲುಗಾವಲಿನಲ್ಲಿ ಗಾಳಿ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಗ್ಲಾಸ್ ಇಳಿಸಲು ಹೋದೆ. "ಬ್ಯಾಡ ಅಣ್ಣ, ಧೂಳು" ಅಂದ. ಇಂಜಿನ್ ಆಫ್ ಮಾಡೋದೂ ಬೇಡ ಅಂದ. ಗೇರ್‌ಬಾಕ್ಸಿನ ತಪ್ಪು ನನ್ನದೇ ಆಗಿತ್ತು ಎಂದು ಅವನಿಗೆ ಹೇಳಬೇಕು ಅಂದುಕೊಂಡೆ. ಹೇಳಿದೆನೋ ಇಲ್ಲವೋ.

ನವೆಂಬರ್ 26, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಬಿಸಿಲು ಚೆನ್ನಾಗಿತ್ತು. ಕಾವಲಿನಲ್ಲಿ ನಿಲ್ಲಿಸಿದ್ದು ಹತ್ತೂಮುಕ್ಕಾಲಿಗೆ. ಐದು ನಿಮಿಷ ಕೂತಿದ್ದೆ, ಅಷ್ಟೆ. ಯಾರೋ ಗ್ಲಾಸ್ ಬಡಿದರು. ಕುರಿ ಕಾಯುವವನು, ಕರಿಸಿದ್ದಪ್ಪ ಅಂತ ಹೆಸರು ಹೇಳಿದ. ಅವನೇ ಬಾಗಿಲು ತೆಗೆದು ನನ್ನ ರಟ್ಟೆ ಹಿಡಿದು ಎಳೆದ.

"ಏನ್ ಸ್ವಾಮಿ, ಒಬ್ರೇ ಕುಂತ್ಕಂಡು ಆಗ್ಲಿಂದ ನಗಾಡ್ತಾ ಇದ್ರಿ, ಆಮ್ಯಾಕೆ ತಲೆ ವಾಲುಸ್ಬುಟ್ರಿ. ಯಾರ್ ಜೊತೆ ಮಾತಾಡ್ತಿದ್ರಿ?"

ಗಡಿಯಾರ ನೋಡಿದರೆ ಹನ್ನೆರಡೂ ಕಾಲು. ಒಂದೂವರೆ ಗಂಟೆ ಎಲ್ಲಿ ಹೋಯಿತು? ಬೇಲಿಯ ಪಕ್ಕ ವಾಂತಿ ಮಾಡಿಕೊಂಡೆ. ಕರಿಸಿದ್ದಪ್ಪ ತನ್ನ ಬಾಟ್ಲಿಯ ನೀರು ಕೊಟ್ಟು, "ಈ ಕಾವಲ್ ಸರಿ ಇಲ್ಲ, ಇಲ್ಲಿ ನಿಲ್ಬ್ಯಾಡಿ" ಅಂದ. ಕಾವಲಿಗೂ ಇದಕ್ಕೂ ಏನು ಸಂಬಂಧ, ಪೆದ್ದ. ಅವನ ಮೇಲೆ ವಿಪರೀತ ಸಿಟ್ಟು ಬಂತು. ಅವನಿಂದ ನಮ್ಮ ಮಾತು ಅರ್ಧಕ್ಕೇ ನಿಂತುಹೋಯಿತು.

ನವೆಂಬರ್ 28, ಶುಕ್ರವಾರ

ಗಾಡಿ ಹೋಯಿತು.

ಬೆಳಿಗ್ಗೆ ರಂಗಯ್ಯ ಬಂದು ಎದುರಿಗೆ ನಿಂತ. ಅರವತ್ತು ದಾಟಿದ ಮುದುಕ, ನಮ್ಮ ಅಣ್ಣತಮ್ಮ ಇಬ್ಬರನ್ನೂ ಚಡ್ಡಿ ಹಾಕುವ ಕಾಲದಿಂದ ನೋಡಿದವನು. "ಕನಕ, ಆ ಗಾಡಿ ಕೊಟ್ಬುಡ್ಲಾ. ನಿನ್ ಮಖ ನಿಂಗೇ ಕಾಣ್ತಿಲ್ಲ" ಅಂದ. ನಿನ್ನ ಕೆಲಸ ನೀನು ನೋಡಿಕೋ ಅಂದೆ. ಮಧ್ಯಾಹ್ನ ಮೇಡಂ ಫೋನೂ ಮಾಡದೆ ಬಂದುಬಿಟ್ಟರು. ಬಸ್ಸಿನಲ್ಲಿ ಓಡಾಡಿ ಸಾಕಾಗಿದೆ, ಆಗಿದ್ದಷ್ಟು ಆಗಲಿ, ಕೊಡಿ ಅಂದರು. ಇನ್ನೂ ಕೆಲಸ ಇದೆ ಅಂದೆ. ಕೀಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಹೆಂಗಸಿನ ಹತ್ತಿರ ಕೀಗೆ ಕಿತ್ತಾಡಿದೆ ಅಂತ ಬರೆಯಲು ನಾಚಿಕೆ. ರಂಗಯ್ಯ ನಡುವೆ ಬಂದು ನನ್ನ ಕೈಯಿಂದ ಕಿತ್ತುಕೊಟ್ಟ. ಸೆನ್ಸಾರಿನ ಕೋಡ್ ಅಳಿಸಿದ್ದೆ, ದೀಪ ಆರಿತ್ತು, ಅಷ್ಟೇ ನಾನು ಮಾಡಿದ ರಿಪೇರಿ.

ಯಶಸ್ವಿನಿ ಹಿಂದಿನ ಬಾಗಿಲು ತೆಗೆದು ಖುಷಿಯಿಂದ ಹತ್ತಿ ಕೂತಿತು. ಗ್ಲಾಸ್ ಏರಿಸುವ ಮೊದಲು ನನ್ನನ್ನು ಹತ್ತಿರ ಕರೆಯಿತು. "ಮಾಮ, ಯಾರ್ಗೂ ಹೇಳ್ಬೇಡಿ. ನಮ್ಮಿಬ್ರನ್ನೂ ಬೇಗ ಕರ್ಕೊಂಡ್ ಹೋಗ್ತೀನಿ ಅಂತ ಅಪ್ಪ ಹೇಳಿದಾರೆ."

ಆ ಮಗುವಿಗೆ ಅದರ ಅಪ್ಪ ಸಿಕ್ಕ. ನನಗೆ?

ನವೆಂಬರ್ 30, ಭಾನುವಾರ

ಎರಡು ದಿನದಿಂದ ತಲೆನೋವಿಲ್ಲ. ಕೋಮಲಾ ಮುದ್ದೆ, ಹುರುಳಿಕಾಳು ಸಾರು ಮಾಡಿದ್ದಳು. ಎರಡು ಮುದ್ದೆ ಇಳಿಸಿದೆ. "ಸದ್ಯ, ಮನುಷ್ಯ ಆದ್ರಿ" ಅಂದಳು. ಉಂಡ ಮೇಲೆ ಶೆಡ್ಡಿಗೆ ಹೋಗಿ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಬಂದೆ.

ಡಿಸೆಂಬರ್ 6, ಶನಿವಾರ

ಇವತ್ತಿನದನ್ನೆಲ್ಲ ಬರೆಯುತ್ತೇನೆ.

ಹನ್ನೊಂದಕ್ಕೆ ಮೇಡಂ ಫೋನ್ ಮಾಡಿದರು. "ಹಳದಿ ದೀಪ ಮತ್ತೆ ಬಂದಿದೆ. ಪರವಾಗಿಲ್ಲ, ನಾವು ಅಮ್ಮನ ಮನೆಗೆ ಹೊರಟಿದೀವಿ, ಕುಣಿಗಲ್ ಹತ್ರ ಕೊತ್ತಗೆರೆಗೆ. ಸೋಮವಾರ ತರ್ತೀನಿ." ಕಟ್ ಮಾಡಿದರು.

ಐದನೇ ಸಲ ಅಂತ ಬರೆದಿಡಲು ಈ ಡೈರಿ ತೆಗೆದೆ. ಸುಮ್ಮನೆ ಹಿಂದಿನ ಹಾಳೆಗಳನ್ನು ತಿರುವಿದೆ. ಇಪ್ಪತ್ತಾರನೇ ತಾರೀಖನ್ನು ಎರಡು ಸಲ ಬರೆದಿದ್ದೇನೆ! ಎರಡನೆಯದನ್ನು ಬರೆಯುವಾಗ ಮೊದಲನೆಯದು ಎದುರಿನ ಹಾಳೆಯಲ್ಲೇ ಇತ್ತು. ಅಕ್ಷರ ನನ್ನದೇ, ಆದರೆ ಕುಡುಕ ಬರೆದ ಹಾಗಿದೆ. "ಹೊರಟೆವು" ಅಂತ ಬರೆದಿದ್ದೇನೆ. ಯಾರು ಯಾರು ಹೊರಟದ್ದು? ತಲೆನೋವು ಬಂದ ದಿನಗಳನ್ನು ಬೆರಳಿಟ್ಟು ನೋಡಿದೆ. ಕಾರು ಓಡಿಸಿದ ದಿನ ಮಾತ್ರ ತಲೆನೋವು, ವಾಂತಿ. ಕಾರು ಹೋದ ಮೇಲೆ ಒಂದು ದಿನವೂ ಇಲ್ಲ.

ಸೆನ್ಸಾರ್ ಏನು ಹೇಳುತ್ತಿತ್ತು? ಪೈಪಿನೊಳಗೆ ಹೊರಗಿನ ಗಾಳಿ ಬರುತ್ತಿದೆ ಅಂತ. ಸುಳ್ಳ ಅಂತ ಬೈದು ಎರಡು ಸಲ ಕಿತ್ತೆಸೆದೆ. ಗಾಳಿ ಒಳಗೆ ನುಗ್ಗುವ ಸಂದಿಯಿದ್ದರೆ ಅದೇ ಸಂದಿಯಿಂದ ಹೊಗೆ ಹೊರಗೂ ಬರುತ್ತದಲ್ಲವೇ! ಗಾಳಿ ಜಾಸ್ತಿ ಅಂತ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ, ಅರೆಬೆಂದ ಹೊಗೆ ಇನ್ನೂ ವಿಷವಾಗುತ್ತದೆ. ಗ್ಲಾಸ್ ಏರಿಸಿದ ಕಾರು. ವಾಸನೆ ಗೊತ್ತಾಗದ ಹಾಗೆ ಊದಿನಕಡ್ಡಿ. ಹಿಂದೆ ಮಲಗಿದ ಮಗು. ಬೇಗ ಕರ್ಕೊಂಡ್ ಹೋಗ್ತೀನಿ.

ಫೋನ್ ಮಾಡಿದೆ. ಎತ್ತಲಿಲ್ಲ. ಆರು ಸಲ. ಬೈಕ್ ಹತ್ತಿದೆ. ಚಪ್ಪಲಿ ಹಾಕಿಕೊಂಡಿದ್ದೆನೋ ಇಲ್ಲವೋ ನೆನಪಿಲ್ಲ. ಕುಣಿಗಲ್ ರೋಡಿನಲ್ಲಿ ನಾಗವಲ್ಲಿ ದಾಟಿದೆ. ಹೆಬ್ಬೂರು ಇನ್ನೂ ಒಂದು ಮೈಲಿ ಇರುವಾಗ ಕಂಡಿತು. ಎಡಗಡೆ ಚಕ್ರ ಎರಡೂ ಟಾರ್ ಬಿಟ್ಟು ಇಳಿದು, ಹುಣಸೆಮರದ ಕೆಳಗೆ ನಿಂತಿತ್ತು. ಇಂಜಿನ್ ಓಡುತ್ತಲೇ ಇತ್ತು. ಬಾಗಿಲೆಲ್ಲ ಲಾಕ್.

ಮೇಡಂ ಸೀಟಿಗೆ ಒರಗಿದ್ದರು. ಕಣ್ಣು ಅರ್ಧ ತೆರೆದಿತ್ತು, ತುಟಿ ಅಲ್ಲಾಡುತ್ತಿತ್ತು, ಮುಖದ ಮೇಲೆ ನಗು. ಹಿಂದೆ ಮಗು ಸೀಟಿನಿಂದ ಜಾರಿ ಕೆಳಗೆ ಬಿದ್ದಿತ್ತು. ಆ ಕೆಂಪು ಬಲ್ಬು ಉರಿಯುತ್ತಿತ್ತು. ಕಲ್ಲು ಎತ್ತಿ ಗ್ಲಾಸಿಗೆ ಹೊಡೆದೆ. ಮಗುವನ್ನು ಎಳೆದು ರಸ್ತೆ ಬದಿ ಮಲಗಿಸಿದೆ. ಮೇಡಂ ಅವರನ್ನು ಎಳೆಯುವಾಗ ನನ್ನ ಕೈಗೆ ಹೊಡೆದರು. "ಬಿಡಿ, ಅವ್ರು ಬಂದಿದಾರೆ, ಬಿಡಿ" ಅಂತ ನಾಲಗೆ ತೊದಲುತ್ತಿತ್ತು.

ಆಮೇಲೆ ಇಂಜಿನ್ ಆಫ್ ಮಾಡಲು ಒಳಗೆ ಬಗ್ಗಿದೆ. ಇದೊಂದನ್ನು ಇಲ್ಲಿ ಬಿಟ್ಟು ಇನ್ನೆಲ್ಲೂ ಹೇಳಲಾರೆ. ಕೀ ಮೇಲೆ ಕೈ ಇಟ್ಟು ಕಾದೆ. ಅಂಜನ್ ಏನಾದರೂ ಅಂದಾನೇನೋ ಎಂದು. ಹೊರಗೆ ಮಣ್ಣಿನ ಮೇಲೆ ಏಳು ವರ್ಷದ ಮಗು ಉಸಿರು ಬಿಗಿದು ಬಿದ್ದಿದೆ, ನಾನು ಸತ್ತ ತಮ್ಮನ ಮಾತಿಗೆ ಕಾಯುತ್ತಿದ್ದೇನೆ! ಎಷ್ಟು ಹೊತ್ತೋ. ಒಂದು ಬಸ್ಸು ಬಂದು ಹಾರ್ನ್ ಮಾಡಿತು, ಆಗ ಕೀ ತಿರುಗಿಸಿದೆ.

ಬಸ್ಸಿನವರೇ ಕುಣಿಗಲ್ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಇಬ್ಬರಿಗೂ ಮೂಗಿಗೆ ಆಕ್ಸಿಜನ್ ಕೊಟ್ಟರು. ಹೊಗೆಯ ವಿಷ ತಲೆಗೇರಿದೆ, ಇಲ್ಲದ್ದು ಕಾಣೋದು, ಕೆನ್ನೆ ಕೆಂಪಾಗೋದು ಎಲ್ಲ ಅದರದೇ ಅಂದರು. ಸಂಜೆ ನಾಲ್ಕಕ್ಕೆ ಯಶಸ್ವಿನಿ ಕಣ್ಣು ಬಿಟ್ಟು ಅತ್ತಿತು. ಇನ್ನು ಕಾಲು ಗಂಟೆ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ನಾನು ಹೊರಗೆ ಬಂದು ಗೋಡೆಗೆ ಹಣೆ ಇಟ್ಟು ನಿಂತೆ.

ಡಿಸೆಂಬರ್ 8, ಸೋಮವಾರ

ಗಾಡಿಯನ್ನು ಟೋ ಮಾಡಿಸಿ ತಂದೆ. ರಂಗಯ್ಯನೂ ನಾನೂ ಕೂತು ನೋಡಿದೆವು. ಸೈಲೆನ್ಸರ್ ಬಾಯಿಯಿಂದ ಕಂಪ್ರೆಸರ್ ಗಾಳಿ ಬಿಟ್ಟು, ಇಂಜಿನ್ ಪಕ್ಕದ ಪೈಪಿನ ಮೇಲೆಲ್ಲ ಸೋಪಿನ ನೀರು ಚಿಮುಕಿಸಿದೆವು. ಸೆನ್ಸಾರಿಗಿಂತ ನಾಲ್ಕು ಬೆರಳು ಮೊದಲು, ಇಂಜಿನ್ ಕಡೆಗೆ, ಅಡಿಭಾಗದಲ್ಲಿ, ಗುಳ್ಳೆ ಎದ್ದಿತು. ಕೂದಲೆಳೆಯಷ್ಟು ಬಿರುಕು. ತಣ್ಣಗಿದ್ದಾಗ ಹೆಚ್ಚುಕಡಿಮೆ ಮುಚ್ಚಿಕೊಂಡಿರುತ್ತದೆ, ದೂರ ಓಡಿ ಕಾದ ಮೇಲೆ ಬಾಯಿ ಬಿಡುತ್ತದೆ. ಅದಕ್ಕೇ ಗುಬ್ಬಿ ಬಿಟ್ಟು ಎರಡು ಮೂರು ಮೈಲಿ ಆದ ಮೇಲೆ ಬರುತ್ತಿದ್ದರು.

"ಸರಿ, ಇಲ್ಲಿಂದ ಬತ್ತದೆ. ಒಳೀಕ್ಕೆ ಹೆಂಗೋಯ್ತದೆ?" ಅಂದ ರಂಗಯ್ಯ.

ಸಾಂಬ್ರಾಣಿ ಹಚ್ಚಿ ತಟ್ಟೆಯಲ್ಲಿಟ್ಟು ಬಾನೆಟ್ ಒಳಗೆ ಇಳಿಸಿದ. ಬಾನೆಟ್ ಮುಚ್ಚಿ, ರೇಡಿಯೇಟರ್ ಫ್ಯಾನಿಗೆ ಕರೆಂಟ್ ಕೊಟ್ಟ. ನಾನು ಒಳಗೆ ಕೂತು ನೋಡುತ್ತಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಒಂದೆಳೆಯಾಗಿ ಎದ್ದು, ಆ ಕೆಂಪು ಬಲ್ಬಿನ ವೈರನ್ನೇ ಹಿಡಿದುಕೊಂಡು ಮೇಲೇರಿ, ಶಿವಮೂರ್ತಿಯವರ ಫೋಟೋ ಸುತ್ತ ಹರಡಿ, ಮೆಲ್ಲಗೆ ಹಿಂದಿನ ಸೀಟಿನ ಕಡೆ ಹೋಯಿತು.

ವೈರ್ ಬ್ಯಾಟರಿಯಿಂದ ಒಳಗೆ ಬರಲು ಇಂಜಿನ್ನಿನ ಹಿಂದಿನ ತಗಡಿಗೆ ತೂತು ಕೊರೆದವನು ನಾನು. ಹೆಬ್ಬೆರಳು ಹೋಗುವಷ್ಟು ದೊಡ್ಡದು. ಸಣ್ಣ ಡ್ರಿಲ್ ಬಿಟ್ ಸಿಕ್ಕಿರಲಿಲ್ಲ ಅವತ್ತು. ವೈರಿನ ಸುತ್ತ ಸಂದಿ ಮುಚ್ಚುವ ರಬ್ಬರ್ ಬುಷ್ ಹಾಕಬೇಕಿತ್ತು. ನಾಳೆ ಹಾಕೋಣ ಅಂತ ಬಿಟ್ಟೆ. ಹೋದವರ ದೀಪ ಆರಬಾರದು ಅಂತ ಆಕೆ ಕೇಳಿದರು, ನಾನು ಆ ದೀಪದ ಪಕ್ಕದಲ್ಲೇ ಅವರ ಸಾವಿಗೂ ದಾರಿ ಮಾಡಿಕೊಟ್ಟೆ.

ರಂಗಯ್ಯ ತೂತು ನೋಡಿದ, ನನ್ನನ್ನು ನೋಡಿದ.

ಡಿಸೆಂಬರ್ 11, ಗುರುವಾರ

ಹೊಸ ಪೈಪ್ ಹಾಕಿದೆ. ತೂತು ಮುಚ್ಚಿದೆ. ಮೂಲೆಗೆ ಎಸೆದಿದ್ದ ಹಳೇ ಸೆನ್ಸಾರನ್ನೇ ವಾಪಸು ಕೂರಿಸಿದೆ, ಸರಿಯಾಗಿದೆ. ಚೇಳೂರಿನ ತನಕ ಹೋಗಿ ಬಂದೆ. ಕೋಡ್ ಇಲ್ಲ. ಸದ್ದಿಲ್ಲ. ಹಿಂದಿನ ಸೀಟು ಬರೀ ಸೀಟು.

ಪೈಪ್ ಒಡೆದಿತ್ತು ಅಂತ ಮಾತ್ರ ಹೇಳಿದರೆ ಮುಗಿಯಿತು. ತೂತಿನ ವಿಷಯ ಯಾರಿಗೆ ಗೊತ್ತಾಗಬೇಕು? ರಂಗಯ್ಯ ಬಾಯಿ ಬಿಡುವವನಲ್ಲ. ಸಂಜೆ ಮೇಡಂ ಬಂದು ಗಾಡಿ ತೆಗೆದುಕೊಂಡು ಹೋದರು. ನಾನು ಪೈಪ್ ಒಡೆದಿತ್ತು ಅಂತ ಮಾತ್ರ ಹೇಳಿದೆ.

"ಕಾರ್ಬನ್ ಮಾನಾಕ್ಸೈಡ್" ಅಂದರು ಅವರು. "ಪ್ರತಿ ವರ್ಷ ಎಂಟನೇ ಕ್ಲಾಸಿಗೆ ನಾನೇ ಪಾಠ ಮಾಡ್ತೀನಿ. ಬಣ್ಣ ಇಲ್ಲ, ವಾಸನೆ ಇಲ್ಲ ಅಂತ ಬರೆಸ್ತೀನಿ."

ಡಿಸೆಂಬರ್ 15, ಸೋಮವಾರ

ಊಟ ಸೇರುತ್ತಿಲ್ಲ. ಈಗ ಹೊಗೆಯದೂ ತಪ್ಪಿಲ್ಲ.

ಡಿಸೆಂಬರ್ 20, ಶನಿವಾರ

ಮೂರು ಗಂಟೆಗೆ ಮೇಡಂ ಬಂದರು. ಮಗು ಕಾರಿನಲ್ಲೇ ಕೂತಿತ್ತು, ಮುಂದಿನ ಸೀಟಿನಲ್ಲಿ, ಗ್ಲಾಸೆಲ್ಲ ಇಳಿಸಿ. ಕೆನ್ನೆಯಲ್ಲಿ ಆ ಹಾಳು ಕೆಂಪಿರಲಿಲ್ಲ. ಮೇಡಂ ಮಾತ್ರ ಹತ್ತು ದಿನದಲ್ಲಿ ಹತ್ತು ವರ್ಷ ವಯಸ್ಸಾದ ಹಾಗೆ ಸೊರಗಿದ್ದರು.

"ಗಾಡಿ ಚೆನ್ನಾಗಿದೆ. ದೀಪ ಬಂದಿಲ್ಲ" ಅಂದರು. ಆಮೇಲೆ ಕಾರಿನ ಕಡೆ ತಿರುಗಿ, "ಅವ್ರೂ ಬಂದಿಲ್ಲ" ಅಂದರು.

ಇನ್ನು ತಡೆಯಲಾಗಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟೆ. "ಮೇಡಂ, ಆ ಹೊಗೆ ಒಳಗೆ ಬಂದದ್ದು ನಾನು ಕೊರೆದ ತೂತಿನಿಂದ. ಬಲ್ಬಿನ ವೈರಿಗೆ ಅಂತ ಕೊರೆದೆ, ಬುಷ್ ಹಾಕದೆ ಬಿಟ್ಟೆ. ನಿಮ್ಮ ಮಗೂನ ಕೊಲ್ತಿದ್ದೆ ನಾನು. ಪೊಲೀಸಿಗೆ ಹೇಳ್ತೀರೋ, ಕೆನ್ನೆಗೆ ಹೊಡೀತೀರೋ, ಏನ್ ಬೇಕಾದ್ರೂ ಮಾಡಿ."

ಅವರು ನನ್ನನ್ನೇ ದಿಟ್ಟಿಸಿದರು. ಸಿಟ್ಟು ಬರಲೆಂದು ಕಾದೆ. ಬರಲಿಲ್ಲ.

"ನೀವೇನಾ ಕೊರೆದಿದ್ದು? ಹಾಗಾದ್ರೆ ತೆಗೆಯೋದೂ ನಿಮಗೆ ಗೊತ್ತು."

ನನಗೆ ಅರ್ಥವಾಗಲಿಲ್ಲ. ಅವರು ಹತ್ತಿರ ಬಂದು ಪಿಸುಗುಟ್ಟಿದರು. "ಆ ಒಡೆದ ಪೈಪೂ ಹಾಕ್ಕೊಡಿ, ಒಂದೇ ಒಂದ್ ಸಲ. ಯಶೂನ ಅಮ್ಮನ ಹತ್ರ ಬಿಟ್ಬರ್ತೀನಿ. ನಾನೊಬ್ಳೇ. ಹತ್ತೇ ನಿಮಿಷ, ಆಮೇಲೆ ಗ್ಲಾಸ್ ಇಳಿಸ್ತೀನಿ. ನನಗೆ ಗೊತ್ತು ಅದೇನು ಅಂತ. ಗೊತ್ತಿದ್ದೇ ಕೇಳ್ತಿದೀನಿ. ಅವತ್ತು ಬೆಳಿಗ್ಗೆ ಎದೆನೋವು ಅಂದ್ರು, ಗ್ಯಾಸ್ ಇರ್ಬೇಕು, ಮಜ್ಜಿಗೆ ಕುಡೀರಿ ಅಂದು ಸ್ಕೂಲಿಗೆ ಹೋದೆ ಕನಕರಾಜು ಅವ್ರೇ. ಅದೊಂದು ಮಾತು ಅವ್ರ ಹತ್ರ ಆಡ್ಬೇಕು. ಹತ್ತು ನಿಮಿಷ ಸಾಕು."

"ಆಗಲ್ಲ!" ಅಂತ ಕಿರುಚಿದೆ. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಸದ್ದು ನಿಂತಿತು. "ಇನ್ನೊಂದ್ ಸಲ ಆ ಮಾತೆತ್ತಬೇಡಿ ನನ್ನ ಮುಂದೆ! ಏನೂ ಇಲ್ಲ ಅಲ್ಲಿ! ಹೊಗೆ ಅದು! ಹೊಗೆ!"

"ನಿಮಗೇನ್ ಗೊತ್ತು ನನ್ನ ಸಂಕಟ?"

"ಗೊತ್ತು!" ಅಂದೆ. "ನನಗೂ ಬಂದಿದ್ದ. ನನ್ನ ತಮ್ಮ ಅಂಜನ್. ಮೂರು ತಿಂಗಳು ಮಾತು ಬಿಟ್ಟಿದ್ದೆ ಅವನ ಹತ್ರ, ಹಾಗೇ ಹೋಗ್ಬಿಟ್ಟ. ಬಂದು, ಅಣ್ಣ ಅಂತ ಕರೆದ. ಅದಕ್ಕೇ ನಿಮ್ಮ ಗಾಡಿ ಕೊಡದೆ ಇಟ್ಕೊಂಡಿದ್ದೆ. ಪಾರ್ಟ್ಸ್ ಬರ್ಬೇಕು ಅಂದಿದ್ದೆಲ್ಲ ಸುಳ್ಳು. ಆ ತೂತು ಮುಚ್ಚುವಾಗ ನನ್ನ ಕೈ ಹೆಂಗೆ ಬಂತು ಅಂತ ನನಗೇ ಗೊತ್ತು."

ಮೇಡಂ ಅಲ್ಲೇ ಟೈರಿನ ಮೇಲೆ ಕುಸಿದು ಕೂತರು. ನಾನೂ ಎದುರಿಗೆ ನೆಲದಲ್ಲಿ ಕೂತೆ. ಹಾಡುಹಗಲು, ಶಟರ್ ಪೂರಾ ತೆರೆದಿತ್ತು, ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಇಬ್ಬರೂ ಮಕ್ಕಳ ಹಾಗೆ ಅತ್ತೆವು. ಏಳು ವರ್ಷದಿಂದ ಒಂದು ಹನಿ ಬಂದಿರಲಿಲ್ಲ ನನಗೆ. ಅತ್ತ ಮೇಲೂ ಸುಮ್ಮನೆ ಕೂತೇ ಇದ್ದೆವು. ಅವರು ಅವರ ಯಜಮಾನರ ಕಡೆಗೆ, ನಾನು ನನ್ನ ತಮ್ಮನ ಕಡೆಗೆ ಕಿವಿಯಿಟ್ಟುಕೊಂಡು ಕೂತಿದ್ದೆವೋ ಏನೋ.

ಯಾರೋ ನನ್ನ ಭುಜ ಅಲ್ಲಾಡಿಸಿದರು. ಯಶಸ್ವಿನಿ. ಯಾವಾಗ ಇಳಿದು ಬಂದಿತೋ, ಮುಖ ಕೆಂಡವಾಗಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಅಮ್ಮನ ಮೇಲೆ ರೇಗಿತು.

"ಅಮ್ಮಾ! ಹೊಟ್ಟೆ ಹಸೀತಿದೆ ಅಂತ ಎಷ್ಟೊತ್ತಿಂದ ಕೂಗ್ತಿದೀನಿ! ಇಬ್ರಿಗೂ ಕಿವಿ ಕೇಳ್ಸಲ್ವಾ?"

ಮೇಡಂ ಬೆಚ್ಚಿಬಿದ್ದು ಮಗಳನ್ನು ನೋಡಿದರು. ಎಷ್ಟೋ ದಿನದಿಂದ ನೋಡಿರದ ಹಾಗೆ ನೋಡಿದರು. "ಬಂದೆ ಕಣೇ, ಬಂದೆ" ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು.